ಅಮೃತಬಳ್ಳಿ ಸತ್ವ: ಯಾವಾಗ ಕೊಯ್ಯಬೇಕು, ಹೇಗೆ ತೆಗೆಯಬೇಕು

ಅಮೃತಬಳ್ಳಿ ವರ್ಷವಿಡೀ ಸಿಗುತ್ತದೆ, ಅದರ ಸತ್ವ ಹಾಗಲ್ಲ. ಸತ್ವವೆಂದರೆ ಬಹುಪಾಲು ಕಾಂಡದಲ್ಲಿ ಕೂಡಿಟ್ಟ ಪಿಷ್ಟ. ಮುಂಗಾರು ಬಿದ್ದೊಡನೆ ಬಳ್ಳಿ ಅದನ್ನು ಕರಗಿಸಿ ಚಿಗುರಿಗೆ ಬಳಸುತ್ತದೆ, ಕಾಂಡದಲ್ಲಿ ನೀರು ತುಂಬುತ್ತದೆ. ಜುಲೈನಲ್ಲಿ ಕೊಯ್ದು ಜಜ್ಜಿದವರಿಗೆ ಪಾತ್ರೆಯ ತಳದಲ್ಲಿ ತೆಳು ಪೊರೆಯಷ್ಟೇ ಸಿಗುವುದು ಇದರಿಂದಲೇ.

ಎಲೆ ಉದುರಿ, ಹೊಸ ಚಿಗುರು ಇನ್ನೂ ಬಾರದ ಹೊತ್ತು ಸರಿಯಾದದ್ದು. ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್. ಆದರೆ ತಿಂಗಳಿಗಿಂತ ಬಳ್ಳಿಯನ್ನೇ ನಂಬಿ: ನೀರು ಹಾಯುವ ತೋಟದ ಬೇಲಿಯಲ್ಲಿ ಅದು ಯುಗಾದಿಗೂ ಹಸಿರಾಗಿಯೇ ಇರಬಹುದು. ಅನುಮಾನವಿದ್ದರೆ ಕಾಂಡವನ್ನು ಅಡ್ಡ ಕೊಯ್ದು ಒಂದು ಹನಿ ಟಿಂಕ್ಚರ್ ಅಯೋಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಇದೆ. ಕಂದುಬಣ್ಣವೇ ಉಳಿದರೆ ಕಾಯುವುದು ಮೇಲು. ಅಂಗಡಿಯ ಸತ್ವದ ಕಲಬೆರಕೆ ಹಿಡಿಯಲು ಮಾತ್ರ ಈ ಪರೀಕ್ಷೆ ನಡೆಯದು, ಆಲೂಗಡ್ಡೆ ಹಿಟ್ಟೂ ನೀಲಿಯಾಗುತ್ತದೆ.

ಹೆಬ್ಬೆರಳು ಗಾತ್ರದ ಬಲಿತ ಕಾಂಡ ಆರಿಸಿ. ಅಡ್ಡ ಕೊಯ್ದಾಗ ಗಾಡಿಚಕ್ರದ ಕಡ್ಡಿಗಳಂಥ ಗೆರೆಗಳು ಕಾಣಬೇಕು. ಮೈತುಂಬ ದೊಡ್ಡ ಗಂಟುಗಳಿದ್ದರೆ ಅದು ಇದೇ ಕುಲದ ಬೇರೆ ಬಳ್ಳಿಯಾಗಿರಬಹುದು, ಬಿಟ್ಟುಬಿಡಿ. ಬುಡದಿಂದ ಒಂದೂವರೆ ಅಡಿ ಬಿಟ್ಟು ಕೊಯ್ದರೆ ಮಳೆಗೆ ಮತ್ತೆ ಚಿಗುರುತ್ತದೆ.

ಕೊಯ್ದ ದಿನವೇ ಕೆಲಸ ಶುರುವಾಗಲಿ. 1 ಕೆಜಿ ಕಾಂಡ ತೊಳೆದು, ಕಾಗದದಂಥ ಹೊರಸಿಪ್ಪೆ ಹೆರೆದು ತೆಗೆಯಿರಿ. ಅದು ಉಳಿದರೆ ಸತ್ವ ಬೂದುಬಣ್ಣಕ್ಕೆ ಬರುತ್ತದೆ. ಎರಡು ಮೂರು ಅಂಗುಲದ ತುಂಡು ಮಾಡಿ ನಾರು ಬಿಡುವವರೆಗೆ ಒರಳಲ್ಲಿ ಜಜ್ಜಿ, 4 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. 12 ಗಂಟೆ ದಾಟಿಸಬೇಡಿ, ಬೇಸಿಗೆಯ ಸೆಕೆಗೆ ಹುಳಿ ವಾಸನೆ ಬರುತ್ತದೆ. ಬೆಳಿಗ್ಗೆ ಕೈಯಲ್ಲೇ ಚೆನ್ನಾಗಿ ಕಿವುಚಿ, ದಪ್ಪ ಬಟ್ಟೆಯಲ್ಲಿ ಸೋಸಿ. ನಾರಿಗೆ ಸ್ವಲ್ಪ ನೀರು ಹಾಕಿ ಇನ್ನೊಮ್ಮೆ ಕಿವುಚಿದರೆ ಉಳಿದದ್ದೂ ಇಳಿಯುತ್ತದೆ.

ಸೋಸಿದ ನೀರನ್ನು 4 ಗಂಟೆ ಅಲುಗಿಸದೆ ಇಡಿ. ಮೇಲಿನ ತಿಳಿಯನ್ನು ನಿಧಾನವಾಗಿ ಬಗ್ಗಿಸಿ. ಹೆಚ್ಚಿನವರು ಕೈಗೆ ಬಂದದ್ದನ್ನು ಕಳೆದುಕೊಳ್ಳುವುದು ಇಲ್ಲಿಯೇ, ಅವಸರದಲ್ಲಿ. ತಳದ ಬಿಳಿ ಗಸಿಯನ್ನು ತಟ್ಟೆಗೆ ಹರಡಿ, ಗಾಳಿಯಾಡುವ ನೆರಳಲ್ಲಿ ಒಣಗಿಸಿ. ಬಿಳಿಯಾಗಲೆಂದು ಪದೇಪದೇ ತೊಳೆಯಬೇಡಿ, ಪ್ರತಿ ತೊಳೆತಕ್ಕೂ ಕಹಿ ಹೋಗುತ್ತದೆ. ಬಗ್ಗಿಸಿದ ತಿಳಿಯಲ್ಲೇ ಕಹಿ ಅಂಶಗಳು ಹೆಚ್ಚಿರುವುದರಿಂದ ಸತ್ವವನ್ನು ಕಷಾಯಕ್ಕೆ ಸಮವೆಂದು ಎಣಿಸಲಾಗದು.

ಬೇರೆ ಗಿಡಗಳಿಗೆ ಇದೇ ಕಾಲ ಹೊಂದದು. ಚರಕಸಂಹಿತೆಯ ಪ್ರಕಾರ ಎಳೆಯ ಕೊಂಬೆ, ಎಲೆಗಳಿಗೆ ಮಳೆಗಾಲ ಮತ್ತು ವಸಂತ, ಬೇರಿಗೆ ಗ್ರೀಷ್ಮ ಅಥವಾ ಶಿಶಿರ, ತೊಗಟೆ, ಗೆಡ್ಡೆ, ಹಾಲಿಗೆ ಶರದೃತು. ನೆಲಬೇವನ್ನು ಹೂ ಬಿಡತೊಡಗಿದಾಗ ಕೊಯ್ಯುವುದು ರೂಢಿ. ಕಾಯಿ ಬಲಿತ ಮೇಲೆ ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ.

ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಯಕೃತ್ತಿನ ತೊಂದರೆ ಇರುವವರು, ಮಧುಮೇಹದ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಪೂರ್ತಿ ಒಣಗಿದ ಸತ್ವವನ್ನು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ; ಮಳೆಗಾಲದಲ್ಲಿ ಬೂಷ್ಟು ಕಂಡರೆ ಎಸೆಯಿರಿ.