‘ಗೊಣಗು’ ಪದಕ್ಕೆ ನಿಘಂಟಿನ ನಮೂದು ಬರೆದ ಬಗೆ

‘ಗೊಣಗು: ಅಸ್ಪಷ್ಟವಾಗಿ ಮಾತಾಡು.’ ಶಾಲಾ ಪದಕೋಶಕ್ಕೆ ಇಷ್ಟು ಸಾಕು ಅನ್ನಿಸುತ್ತದೆ. ಆದರೆ ನಿಘಂಟಿನ ಅರ್ಥವನ್ನು ವಾಕ್ಯದಲ್ಲಿ ಪದದ ಜಾಗಕ್ಕೆ ಇಟ್ಟು ನೋಡಬೇಕು. ‘ಎರಡು ವರ್ಷದ ಮಗು ಅಸ್ಪಷ್ಟವಾಗಿ ಮಾತಾಡುತ್ತದೆ’ ಎಂಬುದು ಸರಿಯಾದ ವಾಕ್ಯ. ಅದನ್ನೇ ‘ಎರಡು ವರ್ಷದ ಮಗು ಗೊಣಗುತ್ತದೆ’ ಎಂದರೆ ಮಗುವಿಗೆ ಏನೋ ಅಸಮಾಧಾನವಾಗಿದೆ ಎಂದು ಕೇಳಿದವರು ತಿಳಿಯುತ್ತಾರೆ. ಹಲ್ಲುಸೆಟ್ಟು ಸಡಿಲವಾದ ಅಜ್ಜ, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡವರು, ಸಿಗ್ನಲ್ ಸರಿಯಿಲ್ಲದ ಫೋನಿನಲ್ಲಿ ಮಾತಾಡುವವರು, ಇವರೆಲ್ಲರ ಮಾತೂ ಅಸ್ಪಷ್ಟವೇ. ಆದರೆ ಇವರು ಯಾರೂ ಗೊಣಗುತ್ತಿಲ್ಲ. ಹಾಗಾದರೆ ಈ ಪದಕ್ಕೇ ಸೇರಿದ್ದು ಯಾವುದು ಎಂದು ಕಂಡುಹಿಡಿಯುವುದೇ ನಮೂದಿನ ಕೆಲಸ. ನಾನು ಅದನ್ನು ಮಾಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇರೆ ಕ್ರಿಯಾಪದಗಳಿಗೂ ಇದೇ ದಾರಿ ನಡೆಯುತ್ತದೆ.

ಮೊದಲು ಬೇಕಾದ್ದು ವಾಕ್ಯಗಳು. ಒಂದು ಕ್ರಿಯಾಪದಕ್ಕೆ 40–50 ಪ್ರಯೋಗಗಳಾದರೂ ಇಲ್ಲದೆ ಅರ್ಥ ಬರೆಯಲು ಕೂರಬಾರದು. ಅವೆಲ್ಲ ಒಂದೇ ಬಗೆಯ ಬರಹದಿಂದ ಬಂದಿರಲೂಬಾರದು. ಕತೆ-ಕಾದಂಬರಿ, ಪತ್ರಿಕೆಯ ವರದಿ, ನಾಟಕದ ಸಂಭಾಷಣೆ, ಆಡುಮಾತು, ಈ ನಾಲ್ಕರಿಂದಲೂ ಹೆಚ್ಚುಕಡಿಮೆ ಸಮವಾಗಿ ತೆಗೆಯಬೇಕು. ಕಾದಂಬರಿಗಳಿಂದ ಮಾತ್ರ ಆರಿಸಿದರೆ ‘ಎಂದು ಗೊಣಗಿದ’ ಎಂಬುದೇ ತುಂಬಿಕೊಳ್ಳುತ್ತದೆ. ಪತ್ರಿಕೆಯಿಂದ ಮಾತ್ರ ತೆಗೆದರೆ ‘ಗೊಣಗಾಟ’ ಬಿಟ್ಟು ಇನ್ನೇನೂ ಸಿಗುವುದಿಲ್ಲ. 5×3 ಇಂಚಿನ ಚೀಟಿಗೆ ಒಂದೇ ವಾಕ್ಯ: ಮೇಲೆ ಮೂಲಪದ, ನಡುವೆ ಪೂರ್ತಿ ವಾಕ್ಯ, ಕೆಳಗೆ ಆಕರ, ಪುಟ, ವರ್ಷ. ಆಡುಮಾತಿನದಾದರೆ ಊರು ಮತ್ತು ಮಾತಾಡಿದವರ ಅಂದಾಜು ವಯಸ್ಸು. ಸ್ಪ್ರೆಡ್‌ಶೀಟಿನಲ್ಲೂ ಇದನ್ನು ಮಾಡಬಹುದು. ಆದರೆ ಮುಂದೆ ಗುಂಪು ಮಾಡುವಾಗ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಅತ್ತಿತ್ತ ಸರಿಸುವ ಅನುಕೂಲ ಪರದೆಯಲ್ಲಿ ಇಲ್ಲ. ವಾಕ್ಯವನ್ನು ತುಂಡರಿಸಬಾರದು. ‘ಏನೋ ಗೊಣಗಿದ’ ಎಂದಷ್ಟೇ ಬರೆದುಕೊಂಡ ಚೀಟಿ ಆಮೇಲೆ ಯಾವ ಗುಂಪಿಗೂ ಸೇರದೆ ಉಳಿಯುತ್ತದೆ. ಹಿಂದಿನ ವಾಕ್ಯವನ್ನೂ ಮುಂದಿನ ವಾಕ್ಯವನ್ನೂ ಬರೆದುಕೊಂಡಿದ್ದರೆ ಅದೇ ಚೀಟಿ ನಿರ್ಣಾಯಕವಾಗಬಹುದು.

ಗಣಕದಲ್ಲಿ ಹುಡುಕುವಾಗ ‘ಗೊಣಗು’ ಎಂದು ಪೂರ್ತಿ ಟೈಪ್ ಮಾಡಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಗೊಣಗಿ, ಗೊಣಗದೆ, ಗೊಣಗಾಟ, ಗೊಣಗಿಕೊಂಡ ಯಾವುದರಲ್ಲೂ ಕೊನೆಯ ಉಕಾರ ಇಲ್ಲ. ‘ಗೊಣಗ’ ಎಂದು ಹುಡುಕಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. ‘ಗೊ’ದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಾಟಕ್ಕೆ ಮಾತ್ರ ಬೇರೆ ಬೇರೆ. ಹಳೆಯ ಫಾಂಟುಗಳಿಂದ ಪರಿವರ್ತಿಸಿದ ಪಠ್ಯಗಳಲ್ಲಿ ಇದು ಆಗಬಹುದು. ಇಡೀ ಪಠ್ಯವನ್ನು ಮೊದಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಚಿಹ್ನೆಯಾಗಿಸುವ ಯೂನಿಕೋಡಿನ ಏಕರೂಪಕ್ಕೆ, ತಂದುಕೊಂಡು ಹುಡುಕಿದರೆ ಸಮಸ್ಯೆ ಇರುವುದಿಲ್ಲ. ‘ಗುಣುಗು’, ‘ಗುಣುಗುಟ್ಟು’ ರೂಪಗಳನ್ನು ಬೇರೆಯಾಗಿಯೇ ಹುಡುಕಬೇಕು.

ಇನ್ನು ವಿಂಗಡಣೆ. ಚೀಟಿಗಳನ್ನು ‘ಅರ್ಥ ಏನು’ ಎಂದು ಕೇಳುತ್ತಾ ವಿಂಗಡಿಸಲು ಹೋದರೆ ನಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಅರ್ಥವೇ ಎಲ್ಲದರಲ್ಲೂ ಕಾಣುತ್ತದೆ. ಅದಕ್ಕೇ ನಾನು ವಾಕ್ಯದ ಕಟ್ಟಡವನ್ನು ಹಿಡಿದು ವಿಂಗಡಿಸುತ್ತೇನೆ. ಪದದ ಅಕ್ಕಪಕ್ಕ ಏನು ಕೂರುತ್ತದೆ, ಏನು ಕೂರುವುದಿಲ್ಲ ಎಂದು ನೋಡಿದರೆ ಅರ್ಥ ತಾನಾಗಿ ಬಿಟ್ಟುಕೊಡುತ್ತದೆ.

‘ಮಂಪರಿನಲ್ಲಿ ಏನೋ ಗೊಣಗಿದ.’ ಇಲ್ಲಿ ‘ಏನೋ’ ಎಂಬುದು ಕೇಳಿದವನಿಗೆ ಮಾತು ತಿಳಿಯಲಿಲ್ಲ ಎನ್ನುತ್ತದೆ. ಅಸಮಾಧಾನದ ಸುಳಿವಿಲ್ಲ. ‘ಸಾರಿಗೆ ಉಪ್ಪೇ ಇಲ್ಲ ಎಂದು ಗೊಣಗಿದ.’ ಇಲ್ಲಿ ಹೇಳಿದ್ದೇನು ಎಂಬುದು ಅಕ್ಷರಶಃ ಗೊತ್ತಿದೆ, ಮಾತು ಅಸ್ಪಷ್ಟವಾಗಿದ್ದರೆ ಗೊತ್ತಾಗುವ ಹಾಗಿರಲಿಲ್ಲ. ಅಂದರೆ ಅಸ್ಪಷ್ಟತೆ ಮಾತಿನಲ್ಲೇ ಇರಬೇಕೆಂದಿಲ್ಲ. ಯಾರ ವಿರುದ್ಧ ಆಡಿದ್ದೋ ಅವರಿಗೆ ನೇರವಾಗಿ ತಲುಪದಿದ್ದರೆ ಸಾಕು. ಈ ಎರಡು ವಾಕ್ಯಗಳ ನಡುವಿನ ಅಂತರವೇ ನಮೂದಿನ ಬೆನ್ನೆಲುಬು.

‘ಬಗ್ಗೆ’ ಹಾಕಿ ನೋಡಿ. ‘ಊಟದ ಬಗ್ಗೆ ಗೊಣಗಿದ’ ಸರಿ. ‘ಮಂಪರಿನಲ್ಲಿ ಊಟದ ಬಗ್ಗೆ ಗೊಣಗಿದ’ ಎಂದ ಕೂಡಲೇ ಮಂಪರಿನಲ್ಲೂ ಆತ ದೂರುತ್ತಿದ್ದ ಎಂದಾಗುತ್ತದೆ. ‘ಬಗ್ಗೆ’ ಬಂದರೆ ಅದು ದೂರಿನ ಅರ್ಥವೇ, ಇದಕ್ಕೆ ಎದುರಾದ ವಾಕ್ಯ ನನ್ನ ಚೀಟಿಗಳಲ್ಲಿಲ್ಲ.

ನಿಷೇಧ ರೂಪ ಇನ್ನೂ ಗಟ್ಟಿ ಪರೀಕ್ಷೆ. ‘ಗೊಣಗದೆ ಕೆಲಸ ಮಾಡಿದಳು’ ಎಂದರೆ ಬೇಸರ ತೋರಿಸದೆ ಮಾಡಿದಳು ಎಂದೇ ಅರ್ಥ. ‘ಸ್ಪಷ್ಟವಾಗಿ ಮಾತಾಡುತ್ತಾ ಮಾಡಿದಳು’ ಎಂದು ಯಾವ ಕನ್ನಡಿಗನಿಗೂ ಹೊಳೆಯುವುದಿಲ್ಲ. ವಿಧಿರೂಪವೂ ಹೀಗೆಯೇ. ‘ಗೊಣಗಬೇಡ’ ದಿನವೂ ಕೇಳುವ ಮಾತು. ‘ಸ್ವಲ್ಪ ಗೊಣಗು’ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ‘ಕಿವಿಯಲ್ಲಿ ಪಿಸುಗುಟ್ಟು’ ಎಂದು ಹೇಳಬಹುದು, ‘ಮೆಲ್ಲಗೆ ಹೇಳು’ ಎನ್ನಬಹುದು. ಗೊಣಗುವುದನ್ನು ಮಾತ್ರ ಬೇಡ ಎನ್ನಲಷ್ಟೇ ಸಾಧ್ಯ, ಏಕೆಂದರೆ ಪದದೊಳಗೇ ಆಡಿದವನ ಮೇಲೊಂದು ಆಕ್ಷೇಪ ಇದೆ. ‘ನಾನು ಗೊಣಗ್ತಿಲ್ಲ, ಇದ್ದದ್ದು ಹೇಳ್ತಿದೀನಿ’ ಎಂಬ ಮನೆಮಾತನ್ನು ಗಮನಿಸಿ. ಆ ಆಕ್ಷೇಪವನ್ನು ತಳ್ಳಿಹಾಕುವುದಕ್ಕೇ ಆ ವಾಕ್ಯ ಹುಟ್ಟಿರುವುದು. ಇಂಥ ವಾಕ್ಯ ಸಿಕ್ಕರೆ ಹತ್ತು ಸಾಮಾನ್ಯ ಚೀಟಿಗಿಂತ ಹೆಚ್ಚು ಬೆಲೆ.

ವಿಭಕ್ತಿ ಪರೀಕ್ಷೆಯನ್ನೂ ಬಿಡಬಾರದು. ‘ನನಗೆ ಹೇಳಿದ’ ಸರಿ, ‘ನನ್ನ ಕಿವಿಯಲ್ಲಿ ಪಿಸುಗುಟ್ಟಿದ’ ಸರಿ, ‘ನನಗೆ ಗೊಣಗಿದ’ ತಪ್ಪು. ಗೊಣಗುವುದಕ್ಕೆ ಎದುರಿಗೊಬ್ಬ ಕೇಳುಗ ಬೇಕಿಲ್ಲ. ಅದಕ್ಕೇ ‘ತನ್ನಷ್ಟಕ್ಕೆ’, ‘ತನ್ನಲ್ಲೇ’, ‘ಒಳಗೊಳಗೇ’ ಎಂಬ ಪದಗಳು ಇದರ ಜೊತೆ ಮತ್ತೆ ಮತ್ತೆ ಬರುತ್ತವೆ. ‘ಗೊಣಗಿಕೊಂಡ’ ಎಂದು ‘ಕೊಳ್ಳು’ ಸಲೀಸಾಗಿ ಸೇರುತ್ತದೆ. ‘ಗೊಣಗಿಸು’ ಎಂಬ ಪ್ರೇರಣಾರ್ಥಕ ವ್ಯಾಕರಣದಲ್ಲಿ ಸಾಧ್ಯವಿದ್ದರೂ ಬಳಕೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಇಷ್ಟಾದ ಮೇಲೆ ಚೀಟಿಗಳು ಮೂರು ಗುಡ್ಡೆಯಾಗುತ್ತವೆ. ತಗ್ಗಿದ ದನಿಯ, ತಿಳಿಯದ ಮಾತು ಒಂದು. ಅಸಮಾಧಾನವನ್ನು ಎದುರಿಗೆ ಆಡದೆ ತನ್ನೊಳಗೆ ಆಡಿಕೊಳ್ಳುವುದು ಇನ್ನೊಂದು. ಮೂರನೆಯದು ಪತ್ರಿಕೆಗಳದ್ದು: ‘ಸ್ಥಾನ ಸಿಗದವರ ಗೊಣಗಾಟ’, ‘ಬೆಲೆ ಏರಿಕೆಗೆ ಗ್ರಾಹಕರ ಗೊಣಗಾಟ’. ಅಲ್ಲಿ ಮಾತಾಡಿದವರು ಮೈಕಿನ ಮುಂದೆ ಸ್ಪಷ್ಟವಾಗಿಯೇ ಮಾತಾಡಿರುತ್ತಾರೆ. ದನಿಯೂ ತಗ್ಗಿಲ್ಲ, ಮಾತೂ ಮುಚ್ಚಿಲ್ಲ. ದೂರು ಮಾತ್ರ ಉಳಿದಿದೆ. ಇದನ್ನು ತಪ್ಪು ಬಳಕೆ ಎಂದು ಬಿಡುವವರಿದ್ದಾರೆ. ನಾನು ಬಿಡುವುದಿಲ್ಲ. ಇಷ್ಟು ಹರಡಿರುವ ಬಳಕೆಯನ್ನು ದಾಖಲಿಸದ ನಿಘಂಟನ್ನು ಪತ್ರಿಕೆ ಓದುವ ಹುಡುಗ ತೆರೆದರೆ ಅವನಿಗೆ ಉತ್ತರ ಸಿಗುವುದಿಲ್ಲ.

ನೆರೆಯ ಪದಗಳನ್ನು ಜೊತೆಗಿಟ್ಟುಕೊಂಡೇ ಬರೆಯಬೇಕು, ಇಲ್ಲದಿದ್ದರೆ ಒಂದರ ಗಡಿ ಇನ್ನೊಂದಕ್ಕೆ ನುಗ್ಗುತ್ತದೆ. ‘ತೊದಲು’ ಉಚ್ಚಾರಣೆಗೆ ಸಂಬಂಧಿಸಿದ್ದು: ನಾಲಗೆ ಹೊರಳದೆ ಅಕ್ಷರ ಕೆಡುವುದು. ಮಗುವಿನದು, ಕುಡಿದವರದು, ಪಾರ್ಶ್ವವಾಯು ಬಡಿದವರದು. ‘ಉಗ್ಗು’ ಮಾತಿನ ಓಟಕ್ಕೆ ಸಂಬಂಧಿಸಿದ್ದು: ಅಕ್ಷರ ಸರಿಯಾಗಿಯೇ ಇರುತ್ತದೆ, ಆದರೆ ಮೊದಲ ಅಕ್ಷರ ಮರುಕಳಿಸುತ್ತದೆ, ಎಳೆಯುತ್ತದೆ ಅಥವಾ ಹೊರಡುವುದೇ ಇಲ್ಲ. ಆಡುಮಾತಿನಲ್ಲಿ ಎರಡನ್ನೂ ಬೆರೆಸುತ್ತಾರೆ. ನಿಘಂಟು ಬಳಕೆಯನ್ನು ಒಪ್ಪಿಕೊಂಡೇ ಮೊದಲ ಅರ್ಥಗಳನ್ನು ಬೇರ್ಪಡಿಸಿ ಇಡಬೇಕು. ಆರೋಗ್ಯದ ಬರಹಗಳಿಗೆ ಈ ವಿಂಗಡಣೆ ನಿಜಕ್ಕೂ ಮುಖ್ಯ. ಪಾರ್ಶ್ವವಾಯುವಿನ ಲಕ್ಷಣ ಹೇಳುವಾಗ ‘ಇದ್ದಕ್ಕಿದ್ದಂತೆ ಮಾತು ತೊದಲುವುದು’ ಎಂದೇ ಬರೆಯಬೇಕು. ‘ಗೊಣಗುವುದು’ ಎಂದು ಬರೆದರೆ ಮನೆಯವರು ಅದನ್ನು ಅಜ್ಜಿಯ ಬೇಸರ ಎಂದುಕೊಂಡು ಆಸ್ಪತ್ರೆಗೆ ಹೊರಡುವುದು ತಡವಾಗಬಹುದು.

‘ಪಿಸುಗುಟ್ಟು’ವಿನಲ್ಲಿ ಉಸಿರೇ ಹೆಚ್ಚು, ಕಂಠದ ದನಿ ಇಲ್ಲ, ಜೊತೆಗೆ ಗುಟ್ಟು ಇದೆ. ‘ಗುಸುಗುಸು’ವಿಗೆ ಇಬ್ಬರಾದರೂ ಬೇಕು. ‘ಗುಜುಗುಜು’ ಗುಂಪಿನದು. ‘ಮಣಮಣ’ ಎಂಬುದು ಅರ್ಥದ ಕಡೆ ಲಕ್ಷ್ಯವಿಲ್ಲದೆ ತುಟಿಯಲ್ಲೇ ಓಡಿಸುವ ಮಂತ್ರಕ್ಕೆ, ಓದಿಗೆ. ‘ಕನವರಿಸು’ ನಿದ್ದೆಯಲ್ಲಿ ಆಡುವುದು. ‘ಬಡಬಡಿಸು’ವಿನಲ್ಲಿ ದನಿ ಜೋರು, ಮಾತಿಗೆ ತಲೆಬುಡವಿಲ್ಲ. ಜ್ವರ ನೆತ್ತಿಗೇರಿದಾಗ ಆಗುವುದು ಇದೇ. ‘ಗುನುಗು’ವಿಗೆ ಹಾಡು ಕರ್ಮವಾಗಿ ಬರುತ್ತದೆ: ‘ಹಾಡು ಗುನುಗಿದಳು’. ಕೆಲವರು ಇದನ್ನೇ ‘ಗುಣುಗು’ ಎಂದು ಬರೆಯುತ್ತಾರೆ. ಆ ಚೀಟಿಗಳನ್ನು ಕರ್ಮಪದ ನೋಡಿ ಬೇರೆ ತೆಗೆಯಬೇಕು, ಅಕ್ಷರ ನೋಡಿ ಅಲ್ಲ.

‘ಗೊಣಗುಟ್ಟು’ವನ್ನು ‘ಗೊಣಗು’ವಿನ ಇನ್ನೊಂದು ರೂಪವೆಂದು ಒಂದೇ ಸಾಲಿನಲ್ಲಿ ಮುಗಿಸುವುದುಂಟು. ‘-ಗುಟ್ಟು’ ಅನುಕರಣ ಪದಗಳಿಗೆ ಹತ್ತಿ ಕ್ರಿಯಾಪದ ಮಾಡುವ ಅಂಗ: ವಟಗುಟ್ಟು, ಪಿಸುಗುಟ್ಟು, ಲೊಚಗುಟ್ಟು. ಅದು ಬಂದಲ್ಲಿ ಸದ್ದು ಮುಂದುವರಿಯುತ್ತಾ ಇರುತ್ತದೆ. ‘ಒಂದು ಮಾತು ಗೊಣಗಿ ಸುಮ್ಮನಾದ’ ಎನ್ನುತ್ತೇವೆ, ‘ಒಂದು ಮಾತು ಗೊಣಗುಟ್ಟಿ ಸುಮ್ಮನಾದ’ ಎಂಬುದು ಕಿವಿಗೆ ಒಪ್ಪುವುದಿಲ್ಲ. ‘ಬೆಳಿಗ್ಗೆಯಿಂದ ಗೊಣಗುಟ್ಟುತ್ತಲೇ ಇದ್ದಾರೆ’ ಸಲೀಸು. ಇಷ್ಟು ವ್ಯತ್ಯಾಸ ಸಾಕು, ಬೇರೆ ನಮೂದು ಕೊಡಲು.

ಹಳೆಯ ನಿಘಂಟುಗಳನ್ನು ನಾನು ತೆರೆಯುವುದು ಈ ಹಂತದಲ್ಲಿ, ಮೊದಲಲ್ಲ. ಮೊದಲೇ ತೆರೆದರೆ ಅವರ ವಿಂಗಡಣೆ ನಮ್ಮದಾಗಿಬಿಡುತ್ತದೆ. 1894ರಲ್ಲಿ ಮಂಗಳೂರಿನಿಂದ ಬಂದ ಕಿಟ್ಟೆಲ್ ಕೋಶ, 1970ರಿಂದ 1995ರವರೆಗೆ 8 ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಅಂತರ್ಜಾಲದಲ್ಲಿ ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು, ಮೂರನ್ನೂ ನೋಡಬೇಕು. ಪರಿಷತ್ತಿನ ನಿಘಂಟಿನಲ್ಲಿ ಅರ್ಥಕ್ಕಿಂತ ಪ್ರಯೋಗವಾಕ್ಯಗಳನ್ನು ಮೊದಲು ಓದಿ. ನಮ್ಮ ಗುಡ್ಡೆಗಳಲ್ಲಿ ಅವು ಎಲ್ಲಿ ಬೀಳುತ್ತವೆ ಎಂದು ನೋಡಿದರೆ ಯಾವ ಅರ್ಥ ಎಷ್ಟು ಹಿಂದಿನದು ಎಂಬ ಅಂದಾಜು ಸಿಗುತ್ತದೆ. ಕನ್ನಡ–ಇಂಗ್ಲಿಷ್ ಕೋಶಗಳಲ್ಲಿ ಮಂಬಲ್, ಮಟರ್, ಗ್ರಂಬಲ್‌ನಂಥ ಪದಗಳು ಸಾಲಾಗಿ ನಿಂತಿದ್ದರೆ ಅವನ್ನು ಸಮಾನಾರ್ಥಕಗಳೆಂದು ತಿಳಿಯಬಾರದು. ಮೊದಲನೆಯದಕ್ಕೆ ಬಾಯಿ ತೆರೆಯದಿರುವುದು ಮುಖ್ಯ, ಎರಡನೆಯದಕ್ಕೆ ತಗ್ಗಿದ ದನಿ, ಮೂರನೆಯದಕ್ಕೆ ದೂರು. ಅವನ್ನು ಹಾಗೇ ಕನ್ನಡಕ್ಕೆ ತಿರುಗಿಸಿದರೆ ಮತ್ತೆ ‘ಅಸ್ಪಷ್ಟವಾಗಿ ಮಾತಾಡು’ ಎಂಬಲ್ಲಿಗೇ ಬಂದು ನಿಲ್ಲುತ್ತೇವೆ.

ಅರ್ಥ ಬರೆಯುವಾಗ ನಾನು ಪಾಲಿಸುವ ಕಟ್ಟುಪಾಡು ಎರಡೇ. ಮೂಲಪದಕ್ಕಿಂತ ಕಷ್ಟದ ಪದ ಅರ್ಥದಲ್ಲಿ ಬರಬಾರದು. ‘ಅಸ್ಫುಟವಾಗಿ ನುಡಿ’ ಎಂದು ಬರೆದರೆ ಓದುಗ ‘ಅಸ್ಫುಟ’ಕ್ಕೆ ಮತ್ತೊಂದು ಪುಟ ತಿರುವಬೇಕು. ಎರಡನೆಯದು, ಸುತ್ತಿ ಬರಬಾರದು. ಗೊಣಗು ಎಂದರೆ ಗೊಣಗುಟ್ಟು, ಗೊಣಗುಟ್ಟು ಎಂದರೆ ಗೊಣಗು ಎಂಬಂಥ ಜೋಡಿಗಳು ಕೈಪಿಡಿ ನಿಘಂಟುಗಳಲ್ಲಿ ಇಂದಿಗೂ ಕಾಣುತ್ತವೆ. ಕೊನೆಗೆ ನಿಂತ ನಮೂದು ಹೀಗಿದೆ:

ಗೊಣಗು (ಕ್ರಿ.; ಗೊಣಗಿ, ಗೊಣಗಿದ, ಗೊಣಗದೆ) 1. ಪಕ್ಕದವರಿಗೂ ಪೂರ್ತಿ ತಿಳಿಯದ ಹಾಗೆ, ತಗ್ಗಿದ ದನಿಯಲ್ಲಿ ತುಟಿ ಬಿಚ್ಚದೆ ಮಾತಾಡು: ‘ನಿದ್ದೆಗಣ್ಣಲ್ಲಿ ಏನೋ ಗೊಣಗಿ ಮಗ್ಗುಲಾದ.’ 2. ಬೇಸರವನ್ನು ಎದುರಿಗೆ ಹೇಳದೆ ತನ್ನಷ್ಟಕ್ಕೆ ಆಡಿಕೊ: ‘ಎಲ್ಲಾ ಕೆಲಸ ನನ್ನ ತಲೆಗೇ ಎಂದು ಗೊಣಗಿದಳು.’ 3. (ಆಕ್ಷೇಪದ ಧ್ವನಿಯಿಂದ) ಪದೇ ಪದೇ ದೂರು ಹೇಳು: ‘ಸಂಬಳದ ಬಗ್ಗೆ ಗೊಣಗದವರಿಲ್ಲ.’ ನೋಡಿ: ಗೊಣಗುಟ್ಟು. ಹೋಲಿಸಿ: ತೊದಲು, ಪಿಸುಗುಟ್ಟು, ಗುನುಗು.

ಇಂದಿನ ಬಳಕೆಯಲ್ಲಿ ಎರಡನೆಯ ಅರ್ಥವೇ ಹೆಚ್ಚು, ಹಾಗಾಗಿ ಅದನ್ನು ಮೊದಲು ಹಾಕಬೇಕೆಂಬ ವಾದಕ್ಕೆ ಬಲವಿದೆ. ಆದರೂ ನಾನು ದನಿಯ ಅರ್ಥವನ್ನೇ ಮೊದಲಿಟ್ಟಿದ್ದೇನೆ, ಏಕೆಂದರೆ ಅಲ್ಲಿಂದ ಹೊರಟರೆ ಉಳಿದೆರಡು ಹೇಗೆ ಬಂದವೆಂದು ವಿವರಣೆಯಿಲ್ಲದೆ ತಿಳಿಯುತ್ತದೆ. ದೂರಿನಿಂದ ಹೊರಟರೆ ನಿದ್ದೆಗಣ್ಣಿನವನ ವಾಕ್ಯ ಒಂಟಿಯಾಗುತ್ತದೆ.

ಅನುವಾದಕರಿಗೂ ಸಬ್‌ಟೈಟಲ್ ಬರೆಯುವವರಿಗೂ ಈ ವಿಂಗಡಣೆ ಬೇಕಾಗುತ್ತದೆ. ಮರಾಠಿಯಲ್ಲಿ ತುಟಿಯಲ್ಲೇ ಆಡುವುದಕ್ಕೆ ‘ಪುಟಪುಟಣೆ’, ಅಸಮಾಧಾನಕ್ಕೆ ‘ಕುರಕುರಣೆ’ ಎಂದು ಎರಡು ಪದಗಳಿವೆ. ತೆಲುಗಿನಲ್ಲಿ ನಮ್ಮ ಪದದ ನಂಟ ‘ಗೊಣುಗು’ ಇದೆ, ದೂರಿನ ಕಡೆಗೆ ವಾಲುವ ‘ಸಣುಗು’ ಕೂಡ ಇದೆ. ಮರಾಠಿಯ ‘ಪುಟಪುಟಲಾ’ ಕನ್ನಡದಲ್ಲಿ ಕಣ್ಣುಮುಚ್ಚಿ ‘ಗೊಣಗಿದ’ ಆದರೆ, ದೇವರ ಮುಂದೆ ನಿಂತು ಪ್ರಾರ್ಥಿಸಿದವನೂ ದೇವರ ಮೇಲೆ ಬೇಸರಗೊಂಡವನ ಹಾಗೆ ಕಾಣುತ್ತಾನೆ. ಅಲ್ಲಿ ‘ಬಾಯೊಳಗೇ ಅಂದುಕೊಂಡ’ ಅಥವಾ ‘ತುಟಿಯಲ್ಲೇ ಹೇಳಿಕೊಂಡ’ ಸರಿಹೋಗುತ್ತದೆ. ಸಬ್‌ಟೈಟಲಿನ ಆವರಣದಲ್ಲಿ ‘ಗೊಣಗುತ್ತಾನೆ’ ಎಂದು ಹಾಕುವ ಮುನ್ನ ಪಾತ್ರಕ್ಕೆ ಬೇಸರವಿದೆಯೇ ಎಂದು ನೋಡಿ. ಇಲ್ಲದಿದ್ದರೆ ‘ಅಸ್ಪಷ್ಟ ಮಾತು’ ಎಂದು ಬರೆದರೆ ಸಾಕು.

ನಾಮಪದಗಳಲ್ಲಿ ‘ಗೊಣಗಾಟ’ ಎರಡು ಮತ್ತು ಮೂರನೆಯ ಅರ್ಥಕ್ಕೆ ಮಾತ್ರ ಸಲ್ಲುತ್ತದೆ. ‘ನಿದ್ದೆಗಣ್ಣಿನ ಗೊಣಗಾಟ’ ಎಂದರೆ ಎಬ್ಬಿಸಿದ್ದಕ್ಕೆ ಸಿಟ್ಟಾದವನದು. ಮೊದಲನೆಯ ಅರ್ಥಕ್ಕೆ ನಾಮಪದ ಬೇಕಾದಾಗ ‘ಗೊಣಗುವಿಕೆ’ ಎನ್ನಬೇಕಾಗುತ್ತದೆ. ಅದು ಬರಹದ ರೂಪ, ಆಡುಮಾತಿನಲ್ಲಿ ‘ಗೊಣಗೋದು’ ಎಂದೇ ಹೋಗುತ್ತದೆ. ‘ಗೊಣಗೊಣ’ವನ್ನು ಕ್ರಿಯಾವಿಶೇಷಣವೆಂದು ಗುರುತಿಸಿ, ‘ಅನ್ನು’ ಸೇರಿಸಿದ ಉದಾಹರಣೆ ಕೊಡಿ: ‘ಯಾಕೆ ಗೊಣಗೊಣ ಅಂತೀಯ?’ ಒಂಟಿಯಾಗಿ ಅದು ವಾಕ್ಯದಲ್ಲಿ ನಿಲ್ಲುವುದಿಲ್ಲ.