ನೆನಪಲ್ಲಿ ಉಳಿಯುವ ರಾಕ್ಷಸನನ್ನು ತೆರೆಗೆ ತರುವುದು ಹೇಗೆ?

ಬೆಂಗಳೂರಿನಲ್ಲಿ ಹಾರರ್ ಕಿರುಚಿತ್ರ ಮಾಡುವವರು ಜಾಸ್ತಿಯಾಗಿದ್ದಾರೆ. ಆದರೆ ಹೆಚ್ಚಿನವರು ಮೊದಲ ದೃಶ್ಯದಲ್ಲೇ ದೆವ್ವದ ಮುಖ ತೋರಿಸಿಬಿಡುತ್ತಾರೆ. ಅಲ್ಲಿಗೆ ಭಯ ಮುಗಿಯಿತು.

ಮೊದಲು ರಾಕ್ಷಸನಿಗೊಂದು ನಿಯಮ ಹಾಕಿ. 1990ರ ದಶಕದಲ್ಲಿ ನಮ್ಮೂರ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರಲ್ವಾ? ಆ ದೆವ್ವದ ಮುಖ ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು, ಬರಹ ಓದಿದರೆ ವಾಪಸ್ ಹೋಗುತ್ತದೆ. ಇಷ್ಟಕ್ಕೇ ಊರೆಲ್ಲ ಹೆದರಿತು. ನಿಮ್ಮ ರಾಕ್ಷಸನ ಕಥೆಯೂ ಹೀಗೆ ಎರಡು ಸಾಲಲ್ಲಿ ಹೇಳಲು ಬರಬೇಕು. ಬರದಿದ್ದರೆ ಶೂಟಿಂಗ್ ಮುಂದೂಡಿ.

ಆಮೇಲೆ ಆಕಾರ. ಗೋಡೆಯ ಮೇಲೆ ನೆರಳು ಬಿದ್ದರೂ ಗುರುತು ಸಿಗಬೇಕು, ಸಾಕು.

ಈಗ ಬಚ್ಚಿಡುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ರವೀಂದ್ರ ಕಲಾಕ್ಷೇತ್ರದಲ್ಲಿ ಯಕ್ಷಗಾನ ಇದ್ದಾಗ ಹೋಗಿ, ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಪ್ರವೇಶ ನೋಡಿ. ಮೊದಲು ತೆರೆಯ ಹಿಂದಿನಿಂದ ಅಬ್ಬರ. ಆಮೇಲೆ ತೆರೆಯ ಮೇಲೆ ಕಿರೀಟದ ತುದಿ. ಪೂರ್ತಿ ಮುಖ ಕೊನೆಗೆ. ಇದೇ ಕ್ರಮ ಹಿಡಿಯಿರಿ: ಮೊದಲು ಅದು ಬಂದುಹೋದ ಗುರುತು, ನಂತರ ಅದನ್ನು ಕಂಡವರ ಮುಖ, ನಂತರ ಅದರ ಒಂದು ಕೈ. ಒಂದು ಶಾಟ್‌ಗೆ ಒಂದೇ ಹೊಸ ವಿಷಯ. 1975ರ ‘ಜಾಸ್’ ಚಿತ್ರದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ಬೆನ್ನಿನ ರೆಕ್ಕೆ, ನೀರಲ್ಲಿ ಎಳೆದುಕೊಂಡು ಹೋಗುವ ಹಳದಿ ಪೀಪಾಯಿ, ಸಂಗೀತ ಇವುಗಳಲ್ಲೇ ಹೆದರಿಸಬೇಕಾಯಿತು. ಚಿತ್ರ ಗೆದ್ದಿದ್ದೇ ಅದರಿಂದ ಅನ್ನುತ್ತೇನೆ ನಾನು.

ಬಚ್ಚಿಡಬೇಕು ಅಂತ ಲೈಟ್ ಪೂರ್ತಿ ಆರಿಸಬೇಡಿ. ಫೋನ್ ಕ್ಯಾಮೆರಾದಲ್ಲಿ ಬರೀ ಚುಕ್ಕೆ ಚುಕ್ಕೆ ಕಾಣುತ್ತದೆ. ರಾಕ್ಷಸನ ಬೆನ್ನ ಹಿಂದೆ ಒಂದು ದೀಪ ಇಡಿ, ಮುಂದೆ ಕತ್ತಲಿರಲಿ. ಅಂಚು ಮಾತ್ರ ಬೆಳಗುತ್ತದೆ. ಎಸ್.ಪಿ. ರಸ್ತೆಯಿಂದ ಕೆಂಪು ಎಲ್‌ಇಡಿ ತಂದು ಕಣ್ಣಿಗೆ ಸಿಕ್ಕಿಸುವುದು ಬೇಡವೇ ಬೇಡ. ರಬ್ಬರ್ ಮುಖವಾಡವೂ ಬೇಡ. ಬೆಳಕು ಬಿದ್ದರೆ ಮಿಂಚುತ್ತದೆ, ಬಾಯಿ ಅಲುಗುವುದಿಲ್ಲ. ಒಳಗೆ ಮನುಷ್ಯ ಇರಲಿ, ಅವನ ನಡಿಗೆ ಬದಲಾಯಿಸಿ. ಮೊಣಕಾಲು ಮಡಿಸದೆ ನಡೆಸಿದರೂ ಮೈ ಜುಂ ಅನ್ನುತ್ತದೆ.

ಕೊನೆಗೆ ದನಿ. ಪುಕ್ಕಟೆ ಸಿಗುವ ಹುಲಿ ಗರ್ಜನೆ ಎಲ್ಲರ ಚಿತ್ರದಲ್ಲೂ ಇದೆ, ಮುಟ್ಟಬೇಡಿ. 1954ರ ಜಪಾನಿನ ಗಾಡ್ಜಿಲ್ಲಾ ಕೂಗಿದ್ದು ಡಬಲ್ ಬೇಸ್ ಅನ್ನೋ ದೊಡ್ಡ ಪಿಟೀಲಿನಂಥ ವಾದ್ಯದ ಸಡಿಲ ಮಾಡಿದ ತಂತಿಗಳಿಂದ. ಅಂಟು ಮೆತ್ತಿದ ಚರ್ಮದ ಕೈಗವಸಿನಿಂದ ಅವನ್ನು ಉಜ್ಜಿದ್ದರು. ಮನೆಯ ಕಬ್ಬಿಣದ ಬೀರುವಿನ ಬಾಗಿಲು ನಿಧಾನವಾಗಿ ತೆಗೆದು ರೆಕಾರ್ಡ್ ಮಾಡಿ, ವೇಗ ಅರ್ಧಕ್ಕೆ ಇಳಿಸಿ ಕೇಳಿ.