ಕಾರು ಎಷ್ಟು ಕೊಡುತ್ತೆ? ಒಂದು ಲೀಟರ್ ಪೆಟ್ರೋಲಿನ ಲೆಕ್ಕ ನೀವೇ ಹಾಕಿ

ಹೊಸ ಕಾರು ತಂದ ತಿಂಗಳು ಮಾವನವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಕೊಡ್ತಿದೆ, ಅಳಿಯಂದ್ರೇ?" ಶೋರೂಮಿನಲ್ಲಿ ಹೇಳಿದ್ದ 20ನ್ನೇ ನಾನೂ ಒಪ್ಪಿಸಿದೆ. ಅವರು ನಕ್ಕರು. ಅವರ ಹಳೇ ಮಾರುತಿ 800 ಕೂಡ ಹೈವೇಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತಿತ್ತಂತೆ. "ಆ ಕಾರು ಬಂದದ್ದು 1983ರಲ್ಲಿ. ನಲವತ್ತು ವರ್ಷ ನಿಮ್ಮ ಇಂಜಿನಿಯರುಗಳು ಮಾಡಿದ್ದೇನು ಹಾಗಾದ್ರೆ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಲು ದೊಡ್ಡ ವಿಜ್ಞಾನ ಬೇಡ. ಒಂದು ಡೈರಿ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಹಂತ 1: ನಿಜವಾದ ಮೈಲೇಜ್ ಹಿಡಿಯಿರಿ

ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ಸದ್ಯಕ್ಕೆ ಮರೆತುಬಿಡಿ. ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಹಾಕಿಸಿ. ಪೈಪು "ಟಕ್" ಅಂತ ತಾನೇ ನಿಲ್ಲುತ್ತದಲ್ಲ, ಅಲ್ಲಿಗೆ ಸಾಕು. "ರೌಂಡ್ ಫಿಗರ್ ಮಾಡ್ಲಾ ಸಾರ್?" ಅಂತ ಬಂಕಿನ ಹುಡುಗ ಕೇಳೇ ಕೇಳುತ್ತಾನೆ. ಬೇಡ ಅನ್ನಿ. ಲೆಕ್ಕ ಕೆಡುವುದೇ ಅಲ್ಲಿ. ಟ್ರಿಪ್ ಮೀಟರನ್ನು ಸೊನ್ನೆ ಮಾಡಿ ಹೊರಡಿ. 300 ಕಿ.ಮೀ.ಗಿಂತ ಜಾಸ್ತಿ ಓಡಿಸಿದ ಮೇಲೆ ಅದೇ ಬಂಕ್, ಅದೇ ಪಂಪ್, ಮತ್ತೆ "ಟಕ್" ಅನ್ನುವವರೆಗೆ. ನನ್ನದು 412 ಕಿ.ಮೀ.ಗೆ 28.6 ಲೀಟರ್ ಕುಡಿದಿತ್ತು. ಭಾಗಿಸಿದರೆ 14.4. ಒಂದೇ ಸಲದ ಲೆಕ್ಕ ನಂಬಬೇಡಿ, ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಹಾಗಾದರೆ ಶೋರೂಮಿನವರ 20 ಸುಳ್ಳಾ? ಸುಳ್ಳಲ್ಲ, ಬೇರೆ ಊರಿನ ಸತ್ಯ. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗಳ ಲ್ಯಾಬಿನಲ್ಲಿ ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಎಸಿ ಆಫ್. ವೇಗ 90 ಕಿ.ಮೀ. ದಾಟುವುದಿಲ್ಲ. ಗುಂಡಿ ಇಲ್ಲ, ಹಂಪ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ. ತಿಂಗಳ ಖರ್ಚು ಲೆಕ್ಕ ಹಾಕಲು ಬರುವುದಿಲ್ಲ.

ಹಂತ 2: ಆ ಲೀಟರ್ ಹೋಗುವುದೆಲ್ಲಿ ನೋಡಿ

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಊರೊಳಗೆ ಓಡಿಸುವಾಗ ಅದರಲ್ಲಿ ಚಕ್ರಕ್ಕೆ ಸಿಗುವುದು ಹೆಚ್ಚೆಂದರೆ 2 ಯೂನಿಟ್. ಉಳಿದದ್ದರಲ್ಲಿ ಬಹುಪಾಲು ಬಿಸಿಯಾಗಿ ಸೈಲೆನ್ಸರಿನಿಂದ, ರೇಡಿಯೇಟರಿನಿಂದ ಹೊರಗೆ ಹೋಗುತ್ತದೆ. ಮನೆಗೆ ಬಂದು ಕಾರು ನಿಲ್ಲಿಸಿದ ಮೇಲೆ ಬಾನೆಟ್ ಮೇಲೆ ಅಂಗೈ ಇಡಿ. ಸುಡುತ್ತಿರುವುದು ನಿಮ್ಮ ದುಡ್ಡೇ.

ಪೆಟ್ರೋಲ್ ಇಂಜಿನ್ ತೀರಾ ದಡ್ಡ ಯಂತ್ರವೇನಲ್ಲ. ಸರಿಯಾದ ಹೊರೆ ಕೊಟ್ಟರೆ ಶೇ 35ರವರೆಗೂ ಕೆಲಸಕ್ಕೆ ತಿರುಗಿಸುತ್ತದೆ. ತೊಂದರೆ ಏನಂದ್ರೆ, ಆ ಹೊರೆ ನಾವು ಕೊಡುವುದೇ ಅಪರೂಪ. ಒಂದು ಟನ್ ತೂಕದ ಕಾರನ್ನು ಸಪಾಟು ರಸ್ತೆಯಲ್ಲಿ ಒಂದೇ ಸಮನೆ 40ರ ವೇಗದಲ್ಲಿ ಓಡಿಸಲು ಬೇಕಾದದ್ದು ಹೆಚ್ಚುಕಮ್ಮಿ 3 ಎಚ್‌ಪಿ. ತೋಟದ ಬಾವಿಗೆ ಇಳಿಸುವ ಪಂಪ್‌ಸೆಟ್ಟಿನಷ್ಟು! ಬಾನೆಟ್ಟಿನ ಕೆಳಗೆ ಇರುವುದು 80 ಎಚ್‌ಪಿ ಇಂಜಿನ್. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಹಾಗೆ. ಇಷ್ಟು ಹಗುರ ಕೆಲಸಕ್ಕೆ ಇಂಜಿನ್ನಿನ ಗಾಳಿ ಬರುವ ದಾರಿ ಮುಕ್ಕಾಲು ಮುಚ್ಚಿರುತ್ತದೆ. ಮೂಗು ಹಿಡಿದುಕೊಂಡು ಉಸಿರೆಳೆದಂತೆ ಅದು ಒದ್ದಾಡುತ್ತದೆ. ಪೆಟ್ರೋಲ್ ಅದಕ್ಕೂ ಖರ್ಚು.

ಹಾಗಾದರೆ 15 ಎಚ್‌ಪಿ ಇಂಜಿನ್ ಹಾಕಬಾರದಾ? ಹಾಕಬಹುದು. ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಇಳಿದು ತಳ್ಳಬೇಕಾಗುತ್ತದೆ, ಅಷ್ಟೆ. ವರ್ಷಕ್ಕೆ ನಾಲ್ಕು ದಿನದ ಘಾಟಿಗಾಗಿ ಉಳಿದ ದಿನವೆಲ್ಲ ದೊಡ್ಡ ಇಂಜಿನ್ ಹೊತ್ತು ತಿರುಗುತ್ತೇವೆ.

ಹಂತ 3: ಸಿಗ್ನಲ್ ಎಣಿಸಿ, ಚಮಚದಲ್ಲಿ ಅಳೆಯಿರಿ

ನನಗೆ ಕಣ್ಣು ತೆರೆಸಿದ್ದು ಇದು. ಒಂದು ಟನ್ ಕಾರನ್ನು ನಿಂತಲ್ಲಿಂದ 50ರ ವೇಗಕ್ಕೆ ತರಲು ಸುಮಾರು 12 ಮಿ.ಲೀ. ಪೆಟ್ರೋಲ್ ಬೇಕು. ಅಡುಗೆಮನೆಯ ಸಣ್ಣ ಚಮಚದಲ್ಲಿ ಎರಡೂವರೆ. ಬ್ರೇಕ್ ಒತ್ತಿದ ತಕ್ಷಣ ಆ ವೇಗವೆಲ್ಲ ಬಿಸಿಯಾಗಿ ಗಾಳಿಗೆ. ಸಿಗ್ನಲ್ ಬಿಟ್ಟ ಮೇಲೆ ಮತ್ತೆ ಎರಡೂವರೆ ಚಮಚ.

ಒಂದು ಬೆಳಿಗ್ಗೆ ಆಫೀಸಿಗೆ ಹೋಗುವಾಗ ಎಣಿಸಿದೆ. 14 ಕಿ.ಮೀ. ದಾರಿಯಲ್ಲಿ 50ರಿಂದ ಪೂರ್ತಿ ನಿಂತದ್ದು 17 ಸಲ. ಅಂದರೆ 204 ಮಿ.ಲೀ. ಇಡೀ ದಾರಿಗೆ ಖರ್ಚಾಗುವುದು ಹೆಚ್ಚುಕಮ್ಮಿ ಒಂದು ಲೀಟರ್. ಅದರಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ಬರೀ ಬ್ರೇಕಿಗೆ! ನೀವೂ ಎಣಿಸಿ ನೋಡಿ. ಇಂಜಿನ್ ಆನ್ ಇಟ್ಟು ಸುಮ್ನೆ ನಿಂತರೂ ಸಣ್ಣ ಕಾರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ಎಸಿ ಇದ್ದರೆ ಇನ್ನೂ ಜಾಸ್ತಿ.

ಇಂಜಿನ್ ಜೊತೆಗೆ ಬ್ಯಾಟರಿ, ಕರೆಂಟ್ ಮೋಟರೂ ಇರುವ ಹೈಬ್ರಿಡ್ ಕಾರುಗಳು ಹಿಡಿದಿರುವುದು ಇದೇ ಸೋರಿಕೆಯನ್ನು. ಬ್ರೇಕ್ ಹಾಕಿದಾಗ ಮೋಟರೇ ಡೈನಮೋ ಆಗಿ ಬ್ಯಾಟರಿ ತುಂಬುತ್ತದೆ, ಹೊರಡುವಾಗ ಅದೇ ಕರೆಂಟು ತಳ್ಳುತ್ತದೆ. ಮಾರುತಿಯ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ಡಿಗೆ ಕಂಪನಿ ಹೇಳುವುದು 27.97 ಕಿ.ಮೀ. ವಿದ್ಯೆ ಗೊತ್ತಿಲ್ಲದೆ ಅಲ್ಲ, ಕಾರಿನ ಬೆಲೆ ಲಕ್ಷಗಟ್ಟಲೆ ಜಾಸ್ತಿ ಆಗುತ್ತದೆ ಅಂತ ಎಲ್ಲ ಕಾರಿಗೂ ಹಾಕುತ್ತಿಲ್ಲ.

ಹಂತ 4: ಹಳೇ ಆರ್‌ಸಿ, ಹೊಸ ಆರ್‌ಸಿ ಪಕ್ಕಪಕ್ಕ ಇಡಿ

ಈಗ ಮಾವನವರ ಪ್ರಶ್ನೆ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಇರುತ್ತದೆ. ಮಾರುತಿ 800 ಸುಮಾರು 650 ಕೆ.ಜಿ. ಇಂದಿನ ಚಿಕ್ಕ ಎಸ್‌ಯುವಿಗಳು 1,100-1,200 ಕೆ.ಜಿ. ಹತ್ತಿರ. ಹಳೇ ಕಾರಿನ ಮೇಲೆ ಎಂಟು ಹತ್ತು ಮೂಟೆ ಅಕ್ಕಿ ಹೇರಿದ ಹಾಗೆ. ಅದರಲ್ಲಿ ಏರ್‌ಬ್ಯಾಗಿದೆ, ಗುದ್ದಿದರೆ ತಡೆಯುವ ಗಟ್ಟಿ ಉಕ್ಕಿದೆ. ಅದನ್ನು ನಾನು ದೂರುವುದಿಲ್ಲ. ಆದರೆ ಸನ್‌ರೂಫ್? ಬಸ್ಸಿನಷ್ಟು ಎತ್ತರದ ಮೂತಿ? ಅದು ನಾವೇ ಕೇಳಿ ತೆಗೆದುಕೊಂಡದ್ದು, ಅಲ್ವಾ? ಇಂಜಿನ್ ನಿಜಕ್ಕೂ ಸುಧಾರಿಸಿದೆ. ಆ ಲಾಭವನ್ನೆಲ್ಲ ತೂಕ, ಎತ್ತರ, ಪಿಕಪ್ ತಿಂದುಹಾಕಿವೆ.

ಹಗುರ ಕಾರು ಮಾಡಿ ತೋರಿಸಿದವರೂ ಇದ್ದಾರೆ. 2009ರಲ್ಲಿ ಬಂದ ಟಾಟಾ ನ್ಯಾನೋಗೆ 624 ಸಿಸಿಯ ಎರಡು ಸಿಲಿಂಡರ್, ತೂಕ 600 ಕೆ.ಜಿ. ಆಸುಪಾಸು, ಮೈಲೇಜ್ 23.6. ಜನ ಮೂಗು ಮುರಿದರು. 2018ರ ಹೊತ್ತಿಗೆ ತಯಾರಿಕೆ ನಿಂತಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಎಕ್ಸ್‌ಎಲ್1 ಅಂತ ಮಾಡಿತ್ತು. ಲೀಟರ್ ಡೀಸೆಲ್ಲಿಗೆ ಕಂಪನಿ ಲೆಕ್ಕದಲ್ಲಿ 111 ಕಿ.ಮೀ.! ಸೀಟು ಎರಡೇ, ಮೈಯೆಲ್ಲ ಕಾರ್ಬನ್ ಫೈಬರ್, ಬೆಲೆ ಒಂದು ಲಕ್ಷ ಯೂರೋಗಿಂತ ಜಾಸ್ತಿ. ಮಾಡಿದ್ದು ಕೇವಲ 250.

ಸರ್ಕಾರ ಸುಮ್ಮನೆ ಕೂತಿಲ್ಲ. ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಸರಾಸರಿ ಹೊಗೆಗೆ ಕೆಫೆ ಎಂಬ ನಿಯಮದಲ್ಲಿ ಮಿತಿ ಇದೆ. 2022-23ರಿಂದ ಅದು ಕಿ.ಮೀ.ಗೆ 113 ಗ್ರಾಂ ಇಂಗಾಲದ ಡೈಆಕ್ಸೈಡ್, ಅಂದರೆ ಪೆಟ್ರೋಲಿನಲ್ಲಿ ಲೀಟರಿಗೆ 20 ಕಿ.ಮೀ. ಹತ್ತಿರ. ಅಲ್ಲೊಂದು ಸಂದು ಇದೆ: ಭಾರದ ಕಾರು ಮಾರುವವರಿಗೆ ಮಿತಿ ಸ್ವಲ್ಪ ಸಡಿಲ.

ಹಂತ 5: ನಿಮ್ಮ ಕೈಯಲ್ಲಿರುವುದು

ಮೊದಲನೆಯದು ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. 40ರಲ್ಲಿ 3 ಎಚ್‌ಪಿ ಸಾಕಾದ ಅದೇ ಕಾರಿಗೆ 80ರಲ್ಲಿ ಸುಮಾರು 10, 120ರಲ್ಲಿ 26 ಬೇಕು. ಬೆಂಗಳೂರು-ಮೈಸೂರು ಹೈವೇಯ 118 ಕಿ.ಮೀ.ಯನ್ನು 100ರ ಬದಲು 80ರಲ್ಲಿ ಹೋದರೆ 18 ನಿಮಿಷ ತಡ. ಪ್ರತಿ ಕಿ.ಮೀ.ಗೆ ಚಕ್ರ ಮಾಡಬೇಕಾದ ಕೆಲಸ ಕಾಲುಭಾಗ ಕಮ್ಮಿ. ಮದ್ದೂರಿನಲ್ಲಿ ಒಂದು ವಡೆ ಬಿಟ್ಟರೆ ಆ 18 ನಿಮಿಷ ವಾಪಸ್ಸು ಬರುತ್ತದೆ. ನಾನು ಬಿಡುವುದಿಲ್ಲ, ಅದು ಬೇರೆ ಮಾತು.

ಹಳೇ ಡೈರಿಯ ಜೊತೆ ಹೋಲಿಸುವವರು ಇನ್ನೊಂದು ನೆನಪಿಡಿ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇದೆ. ಅದಕ್ಕೆ ಶಕ್ತಿ ಕಮ್ಮಿ. ಹಾಗಾಗಿ ಲೀಟರಿಗೆ ಶೇ 6-7ರಷ್ಟು ಖೋತಾ ಸಹಜ, ಮೆಕ್ಯಾನಿಕ್ಕನ್ನು ಬೈಯಬೇಡಿ. ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ ಗೀಯಸ್ಕಾಂತಕ್ಕೆ ದುಡ್ಡು ಸುರಿಯಬೇಡಿ. ಅಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಅಮೆರಿಕದ ಪರಿಸರ ಇಲಾಖೆ ಪರೀಕ್ಷಿಸಿ ನೋಡಿತ್ತು. ಹೇಳಿಕೊಳ್ಳುವಂಥ ಉಳಿತಾಯ ಯಾವುದರಲ್ಲೂ ಸಿಗಲಿಲ್ಲ.

ಕೊನೆಗೆ ಟೈರು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಖಾಲಿ ಗಾಡಿಗೆ ಎಷ್ಟು ಗಾಳಿ, ಜನ ತುಂಬಿದರೆ ಎಷ್ಟು, ಎಲ್ಲ ಅದರಲ್ಲೇ ಇದೆ. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಗಾಳಿ ಹಾಕಿಸುವುದು ಬೆಳಿಗ್ಗೆಯೇ ಆಗಲಿ, ಟೈರು ತಣ್ಣಗಿರುವಾಗ. ಹದಿನೈದು ದಿನಕ್ಕೊಮ್ಮೆ. ಎಷ್ಟು ಹಾಕಲಿ ಅಂತ ಹುಡುಗ ಕೇಳಿದರೆ "ನೀನೇ ನೋಡಿ ಹಾಕಪ್ಪ" ಅನ್ನಬೇಡಿ, ಫೋಟೋ ತೋರಿಸಿ.